ಫ್ಲ್ಯಾಗ್ ಹಾಕಿದ್ರೂ ಲಿಂಕ್ ಆಗ್ತಿಲ್ಲ: ಸಿಮೇಕ್ ಜನರೇಟ್ ಮಾಡಿದ ಪ್ರಾಜೆಕ್ಟು, ಲಿನಕ್ಸ್‌ನಲ್ಲಿ ಒಂದು ಎರರ್, ವಿಂಡೋಸ್‌ನಲ್ಲಿ ಇನ್ನೊಂದು

ಪಿಕ್ಸೆಲ್_ಪ್ರಿಯ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನಮ್ದೊಂದು ಸಿ++ ಪ್ರಾಜೆಕ್ಟು, ಇಮೇಜ್ ಫೈಲ್ ಓದಿ ಫಿಲ್ಟರ್ ಹಾಕಿ ವಾಪಸ್ ಬರೆಯೋ ಕಮಾಂಡ್ ಲೈನ್ ಟೂಲು. ಒಳಗೆ ಕೋರ್, ಫಿಲ್ಟರ್, ಐಓ ಅಂತ ಮೂರು ಸ್ಟ್ಯಾಟಿಕ್ ಲೈಬ್ರರಿ, ಮೇಲೆ ಒಂದು ಎಕ್ಸಿಕ್ಯೂಟಬಲ್ಲು. ಬಿಲ್ಡ್ ಪೂರ್ತಿ ಸಿಮೇಕ್ (ಬಿಲ್ಡ್ ಫೈಲುಗಳನ್ನ ಬರೆದುಕೊಡೋ ಟೂಲು) ನಿಂದ ಜನರೇಟ್ ಆಗುತ್ತೆ, ಲಿನಕ್ಸ್‌ನಲ್ಲಿ ಮೇಕ್‌ಫೈಲು, ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೋ ಸಲ್ಯೂಷನ್ನು.

ಲಿನಕ್ಸ್ ತೊಂದರೆ ಏನಂದ್ರೆ, ಉಬುಂಟು 22.04 ಮಷೀನಲ್ಲಿ ಒಂದು ವಾರ್ನಿಂಗೂ ಇಲ್ದೆ ಬಿಲ್ಡ್ ಆಗುತ್ತೆ, ಅದೇ ಕೋಡು ಅದೇ ಸಿಮೇಕ್‌ಲಿಸ್ಟ್ಸ್ ಫೈಲು 20.04 ಮಷೀನಿಗೆ ತಗೊಂಡು ಹೋದ್ರೆ ಎಲ್ಲಾ ಫೈಲೂ ಕಂಪೈಲ್ ಆಗಿ ಕೊನೇಲಿ ಲಿಂಕ್ ಮಾಡೋವಾಗ (ಕಂಪೈಲ್ ಆದ ತುಂಡುಗಳನ್ನ ಒಂದು ಪ್ರೋಗ್ರಾಮ್ ಆಗಿ ಜೋಡಿಸೋವಾಗ) "ಅನ್‌ಡಿಫೈನ್ಡ್ ರೆಫರೆನ್ಸ್ ಟು ಪಿಥ್ರೆಡ್_ಕ್ರಿಯೇಟ್" ಅಂತ ನಿಂತುಬಿಡುತ್ತೆ. ಥ್ರೆಡ್‌ಗಳಿಗೆ ಬೇಕಾದ ಪಿಥ್ರೆಡ್ ಲೈಬ್ರರಿ ಕೊಟ್ಟಿಲ್ಲ ಅನ್ನೋ ಹಾಗೂ ಇಲ್ಲ, ಫೈಲಲ್ಲಿ ಈ ಸಾಲುಗಳು ಇವೆ:

ಸೆಟ್(ಸಿಮೇಕ್_ಸಿಎಕ್ಸ್‌ಎಕ್ಸ್_ಫ್ಲ್ಯಾಗ್ಸ್ "-ಓ2 -ವಾಲ್")
ಸೆಟ್(ಸಿಮೇಕ್_ಇಎಕ್ಸ್‌ಇ_ಲಿಂಕರ್_ಫ್ಲ್ಯಾಗ್ಸ್ "-ಎಲ್‌ಪಿಥ್ರೆಡ್")

ವಿಂಡೋಸ್ ಕಥೆ ಬೇರೆ. ಅಲ್ಲಿ ಇಮೇಜ್ ಡಿಕೋಡ್ ಮಾಡೋಕೆ ಹೊರಗಿಂದ ಬಂದ ಒಂದು ರೆಡಿ ಲೈಬ್ರರಿ ಇದೆ, ಸೋರ್ಸ್ ಇಲ್ಲ, ಬರೀ ಡಾಟ್ ಲಿಬ್ ಫೈಲು. ಮೊದಲು ಸರಿಯಾಗೇ ಲಿಂಕ್ ಆಗ್ತಿತ್ತು. ಈಚೆಗೆ ಸಿಮೇಕ್ ಮಿನಿಮಮ್ ವರ್ಷನ್ 3.10 ಇದ್ದದ್ದನ್ನ 3.16 ಮಾಡಿದ್ವಿ, ಆಮೇಲಿಂದ ಎಲ್‌ಎನ್‌ಕೆ2038 ಎರರ್, ರನ್‌ಟೈಮ್‌ಲೈಬ್ರರಿ ಮಿಸ್‌ಮ್ಯಾಚ್ (ಸಿ++ ನ ಮೂಲ ಫಂಕ್ಷನ್‌ಗಳ ಲೈಬ್ರರಿ ಎರಡು ಕಡೆ ಬೇರೆ ಬೇರೆ), ಒಂದು ಕಡೆ "ಎಂಟಿ_ಸ್ಟ್ಯಾಟಿಕ್‌ರಿಲೀಸ್" ಇನ್ನೊಂದು ಕಡೆ "ಎಂಡಿ_ಡೈನಾಮಿಕ್‌ರಿಲೀಸ್" ಅಂತ. ವಿಷುಯಲ್ ಸ್ಟುಡಿಯೋ ಒಳಗೆ ಪ್ರಾಪರ್ಟಿ ಪೇಜ್‌ಗೆ ಹೋಗಿ ರನ್‌ಟೈಮ್ ಲೈಬ್ರರಿ ಬದಲಾಯಿಸಿದ್ರೆ ಲಿಂಕ್ ಆಗುತ್ತೆ, ಆದ್ರೆ ಸಿಮೇಕ್‌ಲಿಸ್ಟ್ಸ್‌ನಲ್ಲಿ ಏನಾದ್ರೂ ಮುಟ್ಟಿ ಮತ್ತೆ ಬಿಲ್ಡ್ ಕೊಟ್ರೆ ಹಾಕಿದ್ದೆಲ್ಲ ಮಾಯ.

ಇನ್ನೊಂದು ಅನುಮಾನ ಇದೆ, -ಓ2 (ಆಪ್ಟಿಮೈಸೇಷನ್ ಲೆವೆಲ್ಲು) ಕೊಟ್ಟಿದ್ರೂ ರಿಲೀಸ್ ಬಿಲ್ಡು ಅದನ್ನ ತಗೋತಿಲ್ಲ ಅನ್ಸುತ್ತೆ, ಬೈನರಿ ಸೈಜ್ ನೋಡಿದ್ರೆ -ಓ3 ಥರಾನೇ ಇದೆ. ಈ ಮೂರಕ್ಕೂ ಏನಾದ್ರೂ ಸಂಬಂಧ ಇದ್ಯಾ ಅಥವಾ ಮೂರೂ ಬೇರೆ ಬೇರೇನಾ?


ಹಳೇ_ಮೇಕ್‌ಫೈಲ್:

ಸಂಬಂಧ ಇದೆ ಸರ್. ಮೂರರಲ್ಲೂ ನೀವು ಬರೆದ ಫ್ಲ್ಯಾಗಿಗೂ ಕಂಪೈಲರ್‌ಗೆ ಕೊನೆಗೆ ತಲುಪಿದ ಕಮಾಂಡಿಗೂ ನಡುವೆ ಜನರೇಟರ್ ಕೂತಿದೆ, ಅದು ಏನು ಮಾಡ್ತು ಅಂತ ನೀವಿನ್ನೂ ನೋಡಿಲ್ಲ. ಯಾವ ಫ್ಲ್ಯಾಗ್ ಸೇರಿಸ್ಬೇಕು ಅಂತ ಯೋಚಿಸೋ ಮೊದ್ಲು ಈಗ ಹೋಗ್ತಿರೋ ಕಮಾಂಡ್ ಲೈನ್ ಏನು ಅಂತ ಕಣ್ಣಾರೆ ನೋಡಿ, ನನ್ನ ಅನುಭವದಲ್ಲಿ ಇಂಥ ತೊಂದರೆಗಳಲ್ಲಿ ಬಹುಪಾಲು ಅಲ್ಲೇ ಮುಗಿದುಹೋಗ್ತವೆ.

ನೋಡೋದು ಸುಲಭ. ಸಿಮೇಕ್ --ಬಿಲ್ಡ್ ಗೆ ಕೊನೇಲಿ --ವರ್ಬೋಸ್ ಸೇರಿಸಿ, ಇಲ್ಲಾಂದ್ರೆ ನೇರವಾಗಿ ಮೇಕ್ ವರ್ಬೋಸ್=1 ಅಂತ ಕೊಡಿ, ನಿಂಜಾ ಬಳಸೋರಾದ್ರೆ ನಿಂಜಾ -ವಿ. ಮೇಕ್‌ಫೈಲ್ ಜನರೇಟರ್ ಆದ್ರೆ ಬಿಲ್ಡ್ ಕೂಡ ಮಾಡ್ಬೇಕಾಗಿಲ್ಲ, ಬಿಲ್ಡ್ ಫೋಲ್ಡರ್‌ನಲ್ಲಿ ಸಿಮೇಕ್‌ಫೈಲ್ಸ್ ಒಳಗೆ ನಿಮ್ಮ ಟಾರ್ಗೆಟ್ ಹೆಸರು ಡಾಟ್ ಡಿಐಆರ್ ಅಂತ ಫೋಲ್ಡರ್ ಇರುತ್ತೆ, ಅದರಲ್ಲಿ ಫ್ಲ್ಯಾಗ್ಸ್.ಮೇಕ್ ಅನ್ನೋ ಫೈಲಲ್ಲಿ ಕಂಪೈಲ್ ಫ್ಲ್ಯಾಗ್ಸು, ಲಿಂಕ್.ಟಿಎಕ್ಸ್‌ಟಿ ಅನ್ನೋ ಫೈಲಲ್ಲಿ ಪೂರ್ತಿ ಲಿಂಕ್ ಕಮಾಂಡು ಒಂದೇ ಸಾಲಲ್ಲಿ ಇರುತ್ತೆ. ಕೆಲವ್ರು ಕಂಪೈಲ್_ಕಮಾಂಡ್ಸ್.ಜೇಸನ್ ತೆಗೆದು ನೋಡ್ತಾರೆ, ಅದು ಒಳ್ಳೇದೇ, ಆದ್ರೆ ಅದರಲ್ಲಿ ಕಂಪೈಲ್ ಕಮಾಂಡ್ ಮಾತ್ರ ಇರೋದು, ಲಿಂಕ್ ಕಮಾಂಡ್ ಇರಲ್ಲ, ಹಾಗಾಗಿ ನಿಮ್ಮ ಲಿನಕ್ಸ್ ಎರರ್‌ಗೆ ಅದು ಉಪಯೋಗಕ್ಕೆ ಬರಲ್ಲ.

20.04 ಮಷೀನಲ್ಲಿ ಲಿಂಕ್.ಟಿಎಕ್ಸ್‌ಟಿ ತೆಗೆದು ಇಲ್ಲಿ ಹಾಕಿ. ವಿಂಡೋಸ್‌ದು ನನಗೆ ಅಷ್ಟು ಕೈ ಹಿಡಿಯಲ್ಲ, ಬಲ್ಲವರು ಯಾರಾದ್ರೂ ಹೇಳ್ತಾರೆ.


ಪಿಕ್ಸೆಲ್_ಪ್ರಿಯ:

ಥ್ಯಾಂಕ್ಸ್ ಸರ್. 20.04 ದು ಇದು, ಪಾತ್‌ಗಳನ್ನ ಚಿಕ್ಕದು ಮಾಡಿ ಹಾಕಿದೀನಿ:

ಸಿ++ -ಓ2 -ವಾಲ್ -ಓ3 -ಡಿಎನ್‌ಡೀಬಗ್ -ಎಲ್‌ಪಿಥ್ರೆಡ್ ಮೇನ್.ಸಿಪಿಪಿ.ಓ -ಓ ಟೂಲ್ ಲಿಬ್‌ಕೋರ್.ಎ ಲಿಬ್‌ಫಿಲ್ಟರ್.ಎ ಲಿಬ್‌ಐಓ.ಎ

22.04 ಮಷೀನಲ್ಲೂ ತೆಗೆದು ನೋಡಿದೆ, ಅಕ್ಷರಕ್ಕೆ ಅಕ್ಷರ ಇದೇ ಇದೆ. ಒಂದೇ ಕಮಾಂಡು ಒಂದು ಕಡೆ ನಡೆದು ಇನ್ನೊಂದು ಕಡೆ ಯಾಕೆ ಬೀಳುತ್ತೆ ಅನ್ನೋದೇ ತಲೆಗೆ ಹೋಗ್ತಿಲ್ಲ.


ಲಿಂಕರ್_ಲಹರಿ:

ಈ ಒಂದು ಸಾಲಲ್ಲೇ ನಿಮ್ಮ ಎರಡು ಪ್ರಶ್ನೆಗೆ ಉತ್ತರ ಇದೆ.

ಮೊದ್ಲು ಪಿಥ್ರೆಡ್. ಗ್ನೂ ಲಿಂಕರ್ ಕಮಾಂಡ್ ಲೈನನ್ನ ಎಡದಿಂದ ಬಲಕ್ಕೆ ಓದ್ಕೊಂಡು ಹೋಗುತ್ತೆ. ಪ್ರತಿ ಹೆಜ್ಜೇಲೂ "ಇಲ್ಲೀವರೆಗೆ ಯಾವ ಸಿಂಬಲ್ (ಫಂಕ್ಷನ್ ಅಥವಾ ವೇರಿಯಬಲ್ ಹೆಸರು) ಬಾಕಿ ಇದೆ" ಅನ್ನೋ ಲೆಕ್ಕ ಇಟ್ಕೊಂಡಿರುತ್ತೆ, ಲೈಬ್ರರಿ ಬಂದಾಗ ಆ ಲೆಕ್ಕ ನೋಡಿ ಬೇಕಾದ್ದು ತಗೊಂಡು ಮುಂದೆ ಹೋಗುತ್ತೆ, ದಾಟಿದ ಲೈಬ್ರರಿಗೆ ತಿರುಗಿ ಬರಲ್ಲ. ನಿಮ್ಮ ಸಾಲಲ್ಲಿ -ಎಲ್‌ಪಿಥ್ರೆಡ್ ಎಲ್ಲಿದೆ ನೋಡಿ, ಮೇನ್.ಸಿಪಿಪಿ.ಓ ಗಿಂತ ಮೊದಲೇ ಬಂದು ಕೂತಿದೆ. ಆ ಹೊತ್ತಿಗೆ ಪಿಥ್ರೆಡ್_ಕ್ರಿಯೇಟ್ ಬೇಕು ಅಂತ ಯಾರೂ ಕೇಳಿಲ್ಲ. ಅದು ಶೇರ್ಡ್ ಲೈಬ್ರರಿ ಅಲ್ವಾ, ಎಲ್ಲಿದ್ರೇನು ಅಂತ ನೀವು ಕೇಳ್ಬಹುದು, ಕೇಳೋದು ಸರೀನೇ, ಆದ್ರೆ ಉಬುಂಟು ತನ್ನ ಟೂಲ್‌ಚೈನ್‌ನಲ್ಲಿ 11.10 ರಿಂದಾನೇ --ಆ್ಯಸ್-ನೀಡೆಡ್ ಅನ್ನೋದನ್ನ ಡೀಫಾಲ್ಟ್ ಆಗಿ ಲಿಂಕರ್‌ಗೆ ಕೊಡುತ್ತೆ, ಅಂದ್ರೆ ಆ ಕ್ಷಣಕ್ಕೆ ಅಗತ್ಯ ಕಾಣದ ಶೇರ್ಡ್ ಲೈಬ್ರರಿನ ಲಿಂಕರ್ ಬಿಟ್ಟುಬಿಡುತ್ತೆ. ಹಾಗಾಗಿ ನೀವು ಕೊಟ್ಟ ಫ್ಲ್ಯಾಗು ಲಿಂಕರ್‌ಗೆ ತಲುಪಿದೆ, ಓದಿದೆ, ಬೇಡ ಅಂತ ಬಿಟ್ಟಿದೆ.

ಮತ್ತೆ 22.04 ರಲ್ಲಿ ಯಾಕೆ ನಡೀತು? ಅಲ್ಲಿ ನಿಮ್ಮ ಫ್ಲ್ಯಾಗೇ ಬೇಕಾಗಿರ್ಲಿಲ್ಲ. ಲಿನಕ್ಸ್‌ನ ಸಿ ಲೈಬ್ರರಿ ಗ್ಲಿಬ್‌ಸಿ 2.34 ಬಂದಾಗ, 2021 ರಲ್ಲಿ, ಪಿಥ್ರೆಡ್ ಲೈಬ್ರರಿ ಒಳಗಿದ್ದ ಫಂಕ್ಷನ್‌ಗಳನ್ನೆಲ್ಲ ಮುಖ್ಯ ಸಿ ಲೈಬ್ರರಿಗೇ ಸೇರಿಸಿಬಿಟ್ರು. 22.04 ರಲ್ಲಿ ಇರೋದು ಗ್ಲಿಬ್‌ಸಿ 2.35, 20.04 ರಲ್ಲಿ 2.31. ಹೊಸ ಮಷೀನಲ್ಲಿ ಫ್ಲ್ಯಾಗ್ ತೆಗೆದುಹಾಕಿ ನೋಡಿ, ಆಗ್ಲೂ ಲಿಂಕ್ ಆಗುತ್ತೆ. ಅಂದ್ರೆ ತಪ್ಪು ಜಾಗದಲ್ಲಿದ್ದ ಫ್ಲ್ಯಾಗು ಹೊಸ ಮಷೀನಲ್ಲಿ ಕಾಣದೆ ಉಳಿದಿತ್ತು, ಹಳೇ ಮಷೀನು ಅದನ್ನ ತೋರಿಸ್ತು.

ಈಗ ಸಿಮೇಕ್ ಯಾಕೆ ಅದನ್ನ ಮುಂದೆ ತಂದು ಹಾಕ್ತು. ಜಿಸಿಸಿ ಥರದ ಕಂಪೈಲರ್‌ಗೆ ಅದು ಲಿಂಕ್ ಸಾಲು ಕಟ್ಟೋ ಕ್ರಮಾನೇ ಹಾಗೆ, ಮೊದ್ಲು ಭಾಷೆಯ ಫ್ಲ್ಯಾಗ್ಸು, ಆಮೇಲೆ ಲಿಂಕರ್ ಫ್ಲ್ಯಾಗ್ಸು, ಆಮೇಲೆ ಆಬ್ಜೆಕ್ಟ್ ಫೈಲು, ಔಟ್‌ಪುಟ್ ಹೆಸರು, ಕೊನೇಲಿ ಲೈಬ್ರರಿಗಳು. ಲಿಂಕರ್ ಫ್ಲ್ಯಾಗ್ಸ್ ವೇರಿಯಬಲ್ ಇರೋದು ಲಿಂಕರ್ ಹೇಗೆ ನಡ್ಕೋಬೇಕು ಅಂತ ಹೇಳೋ ಆಪ್ಷನ್‌ಗಳಿಗೆ. ಲೈಬ್ರರಿ ಹೆಸರು ಅದರಲ್ಲಿ ಹಾಕ್ಲೇಬಾರದು. ಲೈಬ್ರರಿಗೆ ಒಂದೇ ಬಾಗಿಲು, ಟಾರ್ಗೆಟ್_ಲಿಂಕ್_ಲೈಬ್ರರೀಸ್. ನಿಮ್ಮ ಕೇಸಿಗೆ:

ಸೆಟ್(ಥ್ರೆಡ್ಸ್_ಪ್ರಿಫರ್_ಪಿಥ್ರೆಡ್_ಫ್ಲ್ಯಾಗ್ ಆನ್)
ಫೈಂಡ್_ಪ್ಯಾಕೇಜ್(ಥ್ರೆಡ್ಸ್ ರಿಕ್ವೈರ್ಡ್)
ಟಾರ್ಗೆಟ್_ಲಿಂಕ್_ಲೈಬ್ರರೀಸ್(ಕೋರ್ ಪಬ್ಲಿಕ್ ಥ್ರೆಡ್ಸ್::ಥ್ರೆಡ್ಸ್)

ಥ್ರೆಡ್ ಬಳಸೋದು ಕೋರ್ ಅಂದ್ಕೊಂಡು ಬರೆದಿದೀನಿ, ಯಾವ ಲೈಬ್ರರಿ ಬಳಸುತ್ತೋ ಅದಕ್ಕೇ ಹಾಕಿ. ಹಳೇ ಮಷೀನಲ್ಲಿ ಇದು -ಪಿಥ್ರೆಡ್ ಸೇರಿಸುತ್ತೆ, ಹೊಸದ್ರಲ್ಲಿ ಬೇಕಾಗಿಲ್ಲ ಅಂತ ತಾನೇ ಕಂಡುಹಿಡಿದು ಸುಮ್ನಿರುತ್ತೆ.

ಎರಡನೇದು, -ಓ2 -ವಾಲ್ -ಓ3 ಅಂತ ಸಾಲಲ್ಲೇ ಕಾಣ್ತಿದೆ. ಜಿಸಿಸಿಗೆ -ಓ ಎಷ್ಟು ಸಲ ಕೊಟ್ರೂ ಕೊನೇದೇ ಲೆಕ್ಕ. ಸಿಮೇಕ್ ಸಾಮಾನ್ಯ ಫ್ಲ್ಯಾಗ್ಸ್ ಮೊದ್ಲು ಹಾಕಿ ಆಮೇಲೆ ಆ ಬಿಲ್ಡ್ ಟೈಪಿನ ಫ್ಲ್ಯಾಗ್ಸ್ ಹಾಕುತ್ತೆ, ರಿಲೀಸ್‌ಗೆ ಅದರ ಡೀಫಾಲ್ಟು -ಓ3 -ಡಿಎನ್‌ಡೀಬಗ್. ನಿಮ್ಮ -ಓ2 ಯಾವತ್ತೂ ಗೆಲ್ಲಲ್ಲ. -ಓ2 ಬೇಕಂದ್ರೆ ಸಿಮೇಕ್_ಸಿಎಕ್ಸ್‌ಎಕ್ಸ್_ಫ್ಲ್ಯಾಗ್ಸ್_ರಿಲೀಸ್ ಅನ್ನೋದನ್ನ "-ಓ2 -ಡಿಎನ್‌ಡೀಬಗ್" ಮಾಡಿ, ಅಥವಾ ಟಾರ್ಗೆಟ್_ಕಂಪೈಲ್_ಆಪ್ಷನ್ಸ್ ನಲ್ಲಿ ಹಾಕಿ, ಅದು ಎರಡಕ್ಕಿಂತ ಕೊನೇಲಿ ಬರುತ್ತೆ. ನಾನಾದ್ರೆ ಮೊದಲನೇದೇ ಮಾಡ್ತೀನಿ, ಆಪ್ಟಿಮೈಸೇಷನ್ ಲೆವೆಲ್ಲು ಬಿಲ್ಡ್ ಟೈಪಿಗೆ ಸೇರಿದ ವಿಷಯ, ಒಂದೊಂದು ಟಾರ್ಗೆಟ್‌ನಲ್ಲಿ ಹೂತಿಟ್ರೆ ಡೀಬಗ್ ಬಿಲ್ಡಿಗೂ ಅದೇ ನುಗ್ಗುತ್ತೆ.


ಕಿಟಕಿ_ಕೋಡ್:

ವಿಂಡೋಸ್ ಭಾಗ ನಾನು ತಗೋತೀನಿ.

ಪ್ರಾಪರ್ಟಿ ಪೇಜಲ್ಲಿ ಬದಲಾಯಿಸಿದ್ದು ಯಾಕೆ ಮಾಯ ಆಗುತ್ತೆ ಅನ್ನೋದು ಮೊದ್ಲು. ಆ ಡಾಟ್ ವಿಸಿಎಕ್ಸ್‌ಪ್ರಾಜ್ ಫೈಲು ಸಿಮೇಕ್‌ನ ಔಟ್‌ಪುಟ್ಟು, ಆಬ್ಜೆಕ್ಟ್ ಫೈಲ್ ಹೇಗೆ ಕಂಪೈಲರ್ ಔಟ್‌ಪುಟ್ಟೋ ಹಾಗೆ. ಸಲ್ಯೂಷನ್ನಲ್ಲಿ ಝೀರೋ_ಚೆಕ್ ಅಂತ ಒಂದು ಪ್ರಾಜೆಕ್ಟ್ ಇರುತ್ತಲ್ವಾ, ಪ್ರತಿ ಬಿಲ್ಡಲ್ಲೂ ಮೊದ್ಲು ಅದು ಓಡಿ ಸಿಮೇಕ್‌ಲಿಸ್ಟ್ಸ್ ಬದಲಾಗಿದ್ಯಾ ನೋಡುತ್ತೆ, ಬದಲಾಗಿದ್ರೆ ಪ್ರಾಜೆಕ್ಟ್ ಫೈಲ್ ಮತ್ತೆ ಬರೆಯುತ್ತೆ. ನೀವು ಕೈಯಲ್ಲಿ ಮಾಡಿದ್ದು ಅಲ್ಲಿಗೆ ಹೋಯ್ತು. ಪ್ರಾಪರ್ಟಿ ಪೇಜನ್ನ ಪ್ರಯೋಗ ಮಾಡೋಕೆ ಬಳಸಿ, ಖಂಡಿತಾ ಒಳ್ಳೇ ಜಾಗ, ಅಲ್ಲಿ ಒಂದು ಆಪ್ಷನ್ ಬದಲಾಯಿಸಿ ಕೆಲಸ ಆಗುತ್ತಾ ನೋಡಿ, ಆದ್ಮೇಲೆ "ಕಮಾಂಡ್ ಲೈನ್" ಅನ್ನೋ ಪುಟ ತೆಗೆದ್ರೆ ಆ ಆಯ್ಕೆ ಯಾವ ಸ್ವಿಚ್ ಆಗಿ ಹೋಗ್ತಿದೆ ಅಂತ ಕಾಣುತ್ತೆ, ಅದನ್ನ ತಂದು ಸಿಮೇಕ್‌ಲಿಸ್ಟ್ಸ್‌ಗೆ ಸೇರಿಸಿ. ಸಿಮೇಕ್ ಥರದ್ದೇ ಪ್ರೀಮೇಕ್ ಬಳಸಿದ್ರೂ ಇದೇ ಮಾತು, ಜನರೇಟ್ ಆದ ಯಾವ ಪ್ರಾಜೆಕ್ಟಿಗೂ ಇದೇ.

ಈಗ ಎಲ್‌ಎನ್‌ಕೆ2038. ಒಂದು ಪ್ರಶ್ನೆ, ನಿಮ್ಮ ಸಿಮೇಕ್‌ಲಿಸ್ಟ್ಸ್‌ನಲ್ಲಿ ಎಲ್ಲಾದ್ರೂ ಸ್ಟ್ರಿಂಗ್ ರಿಪ್ಲೇಸ್ ಮಾಡಿ /ಎಂಡಿ (ಡೈನಾಮಿಕ್ ರನ್‌ಟೈಮ್) ಇದ್ದದ್ದನ್ನ /ಎಂಟಿ (ಸ್ಟ್ಯಾಟಿಕ್) ಮಾಡೋ ಸಾಲುಗಳು ಇವೆಯಾ? ಇದ್ದೇ ಇರುತ್ತೆ ಅಂತ ನನ್ನ ಅಂದಾಜು, ಯಾಕಂದ್ರೆ ವರ್ಷನ್ ಏರಿಸಿದ್ಮೇಲೆ ಮುರಿದಿದೆ ಅಂದ್ರಲ್ಲ.

ವಿಷಯ ಏನಂದ್ರೆ, 3.15 ಕ್ಕಿಂತ ಮೊದ್ಲು ಸಿಮೇಕ್ ತಾನೇ /ಎಂಡಿ, /ಎಂಡಿಡಿ ಅನ್ನೋ ಸ್ವಿಚ್‌ಗಳನ್ನ ಸಿಮೇಕ್_ಸಿಎಕ್ಸ್‌ಎಕ್ಸ್_ಫ್ಲ್ಯಾಗ್ಸ್_ರಿಲೀಸ್, ಡೀಬಗ್ ಈ ವೇರಿಯಬಲ್‌ಗಳ ಒಳಗೇ ಬರೆದಿಡ್ತಿತ್ತು. ಸ್ಟ್ಯಾಟಿಕ್ ರನ್‌ಟೈಮ್ ಬೇಕಿದ್ದೋರೆಲ್ಲ ಆ ಸ್ಟ್ರಿಂಗಲ್ಲಿ ಹುಡುಕಿ ಬದಲಾಯಿಸೋರು, ಬೇರೆ ದಾರಿ ಇರ್ಲಿಲ್ಲ. 3.15 ರಲ್ಲಿ ಸಿಎಂಪಿ0091 ಅನ್ನೋ ಪಾಲಿಸಿ ಬಂತು. ಮಿನಿಮಮ್ ವರ್ಷನ್ 3.15 ಅಥವಾ ಮೇಲೆ ಅಂತ ಕೊಟ್ರೆ ಆ ಸ್ವಿಚ್ಚು ವೇರಿಯಬಲ್‌ನಲ್ಲಿ ಇರೋದೇ ಇಲ್ಲ, ರನ್‌ಟೈಮ್ ಆಯ್ಕೆ ಪ್ರತ್ಯೇಕ ಪ್ರಾಪರ್ಟಿ ಆಯ್ತು. ನಿಮ್ಮ ಸ್ಟ್ರಿಂಗ್ ರಿಪ್ಲೇಸು ಈಗ್ಲೂ ಓಡ್ತಿದೆ, ಹುಡುಕ್ತಿದೆ, ಬದಲಾಯಿಸೋಕೆ ಏನೂ ಸಿಗ್ತಿಲ್ಲ, ಎರರೂ ಕೊಡಲ್ಲ. ಡೀಫಾಲ್ಟು ಡೈನಾಮಿಕ್ ರನ್‌ಟೈಮ್, ಆದ್ದರಿಂದ ನಿಮ್ಮ ಕೋಡೆಲ್ಲ /ಎಂಡಿ ಆಗಿ ಕಂಪೈಲ್ ಆಯ್ತು, ಹೊರಗಿನ ಲೈಬ್ರರಿ /ಎಂಟಿ ಆಗಿದೆ, ಎರಡೂ ಒಂದೇ ಎಕ್ಸಿಕ್ಯೂಟಬಲ್ ಒಳಗೆ ಸೇರಲ್ಲ.

ಆ ಸಾಲುಗಳನ್ನ ತೆಗೆದು ಇದನ್ನ ಹಾಕಿ, ಟಾರ್ಗೆಟ್‌ಗಳು ಹುಟ್ಟೋದಕ್ಕಿಂತ ಮೇಲೆ:

ಸೆಟ್(ಸಿಮೇಕ್_ಎಂಎಸ್‌ವಿಸಿ_ರನ್‌ಟೈಮ್_ಲೈಬ್ರರಿ "ಮಲ್ಟಿಥ್ರೆಡೆಡ್$<$<ಕಾನ್ಫಿಗ್:ಡೀಬಗ್>:ಡೀಬಗ್>")

ಈ ವೇರಿಯಬಲ್ಲು ಟಾರ್ಗೆಟ್ ಹುಟ್ಟೋ ಗಳಿಗೇಲಿ ಅದರ ಪ್ರಾಪರ್ಟಿಗೆ ಕಾಪಿ ಆಗುತ್ತೆ, ಆಮೇಲೆ ಬದಲಾಯಿಸಿದ್ರೆ ಆಗ್ಲೇ ಹುಟ್ಟಿರೋ ಟಾರ್ಗೆಟ್‌ಗೆ ತಾಗಲ್ಲ. ಇನ್ನೊಂದು, ಪಾಲಿಸಿ ಲೆಕ್ಕಕ್ಕೆ ಬರೋದು ಮೊದಲನೇ ಪ್ರಾಜೆಕ್ಟ್() ಸಾಲಿಗಿಂತ ಮೊದ್ಲು, ಆದ್ದರಿಂದ ಮಿನಿಮಮ್ ವರ್ಷನ್ ಸಾಲು ಫೈಲಿನ ಮೇಲ್ಗಡೇನೇ ಇರ್ಲಿ.

ಹೊರಗಿನ ಲೈಬ್ರರಿ ನಿಜವಾಗ್ಲೂ ಯಾವ ರನ್‌ಟೈಮ್‌ನಲ್ಲಿ ಕಟ್ಟಿದಾರೆ ಅಂತ ಊಹೆ ಮಾಡ್ಬೇಡಿ, ಡಂಪ್‌ಬಿನ್ /ಡೈರೆಕ್ಟಿವ್ಸ್ ಅಂತ ಆ ಡಾಟ್ ಲಿಬ್ ಮೇಲೆ ಓಡಿಸಿ. ಒಳಗಿನ ಆಬ್ಜೆಕ್ಟ್‌ಗಳು ಲಿಂಕರ್‌ಗೆ ಬಿಟ್ಟುಹೋದ ಸೂಚನೆಗಳು ಕಾಣ್ತವೆ, ಡೀಫಾಲ್ಟ್‌ಲಿಬ್ ಲಿಬ್‌ಸಿಎಂಟಿ ಅಂತಿದ್ರೆ ಸ್ಟ್ಯಾಟಿಕ್ಕು, ಎಂಎಸ್‌ವಿಸಿಆರ್‌ಟಿ ಅಂತಿದ್ರೆ ಡೈನಾಮಿಕ್ಕು, ಕೊನೇಲಿ ಡಿ ಇದ್ರೆ ಡೀಬಗ್ಗು. ಅವರು ರಿಲೀಸ್ ಲೈಬ್ರರಿ ಒಂದನ್ನೇ ಕೊಟ್ಟಿದ್ರೆ ನಿಮ್ಮ ಡೀಬಗ್ ಬಿಲ್ಡಲ್ಲಿ ಮತ್ತೆ ಇದೇ ಎರರು ಬರುತ್ತೆ, ಇಟರೇಟರ್ ಡೀಬಗ್ ಲೆವೆಲ್ 0 ಮತ್ತು 2 ಅಂತ ಇನ್ನೊಂದು ಮಿಸ್‌ಮ್ಯಾಚ್ ಕೂಡ ಜೊತೆಗೆ ಬರಬಹುದು. ಆಗ ಡೀಬಗ್ ಲೈಬ್ರರಿ ಕೊಡಿ ಅಂತ ಕೇಳೋದೇ ಸರಿಯಾದ ದಾರಿ. /ನೋಡೀಫಾಲ್ಟ್‌ಲಿಬ್ ಕೊಟ್ಟು ಬಾಯಿ ಮುಚ್ಚಿಸಿ ಅಂತ ಎಷ್ಟೋ ಕಡೆ ಬರೆದಿರ್ತಾರೆ, ದಯವಿಟ್ಟು ಬೇಡ. ಎರಡು ರನ್‌ಟೈಮ್ ಇದ್ರೆ ಎರಡು ಹೀಪ್, ಒಂದರಲ್ಲಿ ತಗೊಂಡ ಮೆಮೊರಿನ ಇನ್ನೊಂದರಲ್ಲಿ ಬಿಟ್ರೆ ಪ್ರೋಗ್ರಾಮ್ ಎಲ್ಲಿ ಬೀಳುತ್ತೆ ಅಂತ ಹೇಳೋಕಾಗಲ್ಲ. ಲಿಂಕರ್ ಎರರ್ ಕೊಟ್ಟಿದೆ ಅಂದ್ರೆ ನಿಮ್ಮನ್ನ ಕಾಪಾಡಿದೆ ಅಂತಾನೇ ತಿಳ್ಕೊಳ್ಳಿ.


ಪಿಕ್ಸೆಲ್_ಪ್ರಿಯ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸ್ಟ್ರಿಂಗ್ ರಿಪ್ಲೇಸ್ ಇತ್ತು, ಪ್ರಾಜೆಕ್ಟ್ ಶುರು ಆದಾಗಿಂದ ಇದ್ದ ಸಾಲಂತೆ. ತೆಗೆದು ನೀವು ಹೇಳಿದ ಹಾಗೆ ಮಾಡಿದ್ಮೇಲೆ ವಿಂಡೋಸ್ ರಿಲೀಸ್ ಲಿಂಕ್ ಆಯ್ತು, ಡೀಬಗ್ ಲೈಬ್ರರಿಗೆ ಕೇಳಿದೀವಿ. ಪಿಥ್ರೆಡ್ಡೂ ಸರಿ ಆಯ್ತು.

ಆದ್ರೆ ಲಿನಕ್ಸ್‌ನಲ್ಲಿ ಹೊಸದೊಂದು ಶುರು ಆಗಿದೆ. ಮೇನ್ ಫೈಲಲ್ಲಿ ಕೋರ್ ಲೈಬ್ರರಿಯ ಒಂದು ಫಂಕ್ಷನ್ ಕರೀತಿದ್ವಿ, ಈಗ ಅದು ಬೇಡ ಅಂತ ಆ ಒಂದು ಕರೆ ತೆಗೆದ್ವಿ. ತೆಗೆದಿದ್ದಕ್ಕೆ ಫಿಲ್ಟರ್ ಲೈಬ್ರರಿ ಒಳಗಿಂದ ಕೋರ್‌ನ ಅದೇ ಫಂಕ್ಷನ್ ಸಿಗ್ತಿಲ್ಲ ಅಂತ ಅನ್‌ಡಿಫೈನ್ಡ್ ರೆಫರೆನ್ಸ್ ಬರ್ತಿದೆ. ಕೋಡ್ ಕಮ್ಮಿ ಮಾಡಿದ್ರೆ ಲಿಂಕ್ ಮುರಿಯೋದು ಹೇಗೆ?


ಬಿಟ್_ಬೈಟ್:

ಇದಕ್ಕ ಸುಲಭ ಐತ್ರಿ, ಲೈಬ್ರರಿಗಳನ್ನೆಲ್ಲ -ಡಬ್ಲ್ಯುಎಲ್,--ಸ್ಟಾರ್ಟ್-ಗ್ರೂಪ್ ಮತ್ತ --ಎಂಡ್-ಗ್ರೂಪ್ ನಡುವ ಹಾಕ್ರಿ, ಲಿಂಕರ್ ಎಲ್ಲಾ ಸಿಗೋ ತನಕ ಅವನ್ನ ಸುತ್ತಿ ಸುತ್ತಿ ನೋಡತೈತಿ, ಸಾಲಿನ ಚಿಂತಿ ಇಲ್ಲ. ನಾವು ಕೈಯಿಂದ ಬರದ ಮೇಕ್‌ಫೈಲ್‌ನ್ಯಾಗ ಹಿಂಗ ಮಾಡತೀವಿ, ಕೆಲಸ ನಡಿತೈತಿ.


ಲಿಂಕರ್_ಲಹರಿ:

ಬಿಟ್_ಬೈಟ್ ಅವರೇ, ಕೈಯಲ್ಲಿ ಬರೆದ ಮೇಕ್‌ಫೈಲ್‌ಗೆ ನೀವು ಹೇಳಿದ್ದು ಒಪ್ಪೋ ಮಾತೇ, ಆದ್ರೆ ಸಿಮೇಕ್‌ನಲ್ಲಿ ಅದನ್ನ ಹಾಕಿದ್ರೆ ಕಾರಣ ಮುಚ್ಚಿಹೋಗುತ್ತೆ, ಜೊತೆಗೆ ಆ ಆಪ್ಷನ್ನು ಗ್ನೂ ಲಿಂಕರ್ ಮತ್ತು ಅದರ ಜಾತಿಯವಕ್ಕೆ ಮಾತ್ರ, ವಿಂಡೋಸ್ ಲಿಂಕರ್‌ಗೆ ಅರ್ಥ ಆಗಲ್ಲ, ಇವರ ಪ್ರಾಜೆಕ್ಟು ಎರಡೂ ಕಡೆ ಓಡ್ಬೇಕು.

ಪಿಕ್ಸೆಲ್_ಪ್ರಿಯ ಅವರೇ, ನಿಮ್ಮ ಲಿಂಕ್ ಸಾಲನ್ನ ಇನ್ನೊಂದ್ಸಲ ನೋಡಿ. ಲಿಬ್‌ಕೋರ್.ಎ ಮೊದ್ಲು, ಲಿಬ್‌ಫಿಲ್ಟರ್.ಎ ಆಮೇಲೆ. ಸ್ಟ್ಯಾಟಿಕ್ ಲೈಬ್ರರಿ ಅಂದ್ರೆ ಆಬ್ಜೆಕ್ಟ್ ಫೈಲ್‌ಗಳ ಕಟ್ಟು, ಲಿಂಕರ್ ಪೂರ್ತಿ ಕಟ್ಟನ್ನ ಒಳಗೆ ತಗೊಳ್ಳಲ್ಲ, ಬಾಕಿ ಇರೋ ಸಿಂಬಲ್ ಯಾವ ಆಬ್ಜೆಕ್ಟಲ್ಲಿದೆಯೋ ಅದನ್ನ ಮಾತ್ರ ಎಳ್ಕೊಳ್ಳುತ್ತೆ. ಮೊದ್ಲು ಮೇನ್ ಆ ಫಂಕ್ಷನ್ ಕೇಳ್ತಿತ್ತು, ಕೋರ್ ಹತ್ರ ಬಂದಾಗ ಆ ಆಬ್ಜೆಕ್ಟು ಒಳಗೆ ಬಂತು, ಆಮೇಲೆ ಫಿಲ್ಟರ್ ಅದನ್ನೇ ಕೇಳಿದಾಗ ಆಗ್ಲೇ ಒಳಗಿತ್ತು. ಈಗ ಮೇನ್ ಕೇಳಲ್ಲ, ಕೋರ್ ದಾಟೋವಾಗ ಯಾರಿಗೂ ಬೇಡ, ಮುಂದೆ ಫಿಲ್ಟರ್ ಕೇಳೋ ಹೊತ್ತಿಗೆ ಕೋರ್ ಹಿಂದೆ ಉಳೀತು. ಆ ಕ್ರಮ ಮೊದಲಿಂದಾನೇ ಸರಿ ಇರ್ಲಿಲ್ಲ, ಮೇನ್‌ನಲ್ಲಿದ್ದ ಆ ಒಂದು ಕರೆ ಅದನ್ನ ಹೊತ್ತು ನಿಂತಿತ್ತು.

ಎಕ್ಸಿಕ್ಯೂಟಬಲ್‌ಗೆ ಕೋರ್ ಫಿಲ್ಟರ್ ಐಓ ಅಂತ ಮೂರನ್ನೂ ನೀವೇ ಸಾಲಾಗಿ ಬರೆದಿದೀರಿ ಅನ್ಸುತ್ತೆ. ಹೆಸರುಗಳನ್ನ ಹಿಂದೆ ಮುಂದೆ ಮಾಡಿದ್ರೂ ಇವತ್ತಿಗೆ ಸರಿ ಹೋಗುತ್ತೆ, ಆದ್ರೆ ಸಿಮೇಕ್‌ಗೆ ನಿಜ ಹೇಳೋದು ಒಳ್ಳೇದು. ಫಿಲ್ಟರ್‌ಗೆ ಕೋರ್ ಬೇಕು ಅಂತ ಫಿಲ್ಟರ್ ಹತ್ರಾನೇ ಬರೀರಿ:

ಟಾರ್ಗೆಟ್_ಲಿಂಕ್_ಲೈಬ್ರರೀಸ್(ಫಿಲ್ಟರ್ ಪಬ್ಲಿಕ್ ಕೋರ್)
ಟಾರ್ಗೆಟ್_ಲಿಂಕ್_ಲೈಬ್ರರೀಸ್(ಐಓ ಪಬ್ಲಿಕ್ ಕೋರ್)
ಟಾರ್ಗೆಟ್_ಲಿಂಕ್_ಲೈಬ್ರರೀಸ್(ಟೂಲ್ ಪ್ರೈವೇಟ್ ಫಿಲ್ಟರ್ ಐಓ)

ಯಾರಿಗೆ ಯಾರು ಬೇಕು ಅನ್ನೋದು ಗೊತ್ತಾದ್ರೆ ಸಾಲಿನ ಕ್ರಮ ಸಿಮೇಕೇ ಕಟ್ಟುತ್ತೆ. ಎರಡು ಸ್ಟ್ಯಾಟಿಕ್ ಲೈಬ್ರರಿ ಒಂದಕ್ಕೊಂದು ಬೇಕಾಗಿದ್ರೂ ಪರವಾಗಿಲ್ಲ, ಎರಡೂ ಕಡೆ ಹಾಗೇ ಬರೆದ್ರೆ ಲಿಂಕ್ ಸಾಲಲ್ಲಿ ಅವನ್ನ ಪುನಃ ಹಾಕುತ್ತೆ, ಗ್ರೂಪ್ ಆಪ್ಷನ್ ಬೇಕಾಗಿಲ್ಲ. ಹೊರಗಿನ ರೆಡಿ ಲೈಬ್ರರಿಗಳು ಒಂದಕ್ಕೊಂದು ಸುತ್ತಿಕೊಂಡಿದ್ದಾಗ ಮಾತ್ರ ಗ್ರೂಪ್ ಬೇಕಾಗಬಹುದು, ಅದಕ್ಕೂ 3.24 ರಿಂದ ಲಿಂಕ್_ಗ್ರೂಪ್ ಅನ್ನೋ ಜನರೇಟರ್ ಎಕ್ಸ್‌ಪ್ರೆಶನ್ ಇದೆ.

ಇಲ್ಲೇ ಒಂದು ವಿಷಯ ಹೇಳಿಬಿಡ್ತೀನಿ, ನಿಮ್ಮದು ಫಿಲ್ಟರ್ ಪ್ರೋಗ್ರಾಮ್ ಆಗಿರೋದ್ರಿಂದ ಮುಂದೆ ಎದುರಾಗೋ ಸಾಧ್ಯತೆ ಇದೆ. ಪ್ರತಿ ಫಿಲ್ಟರೂ ಒಂದು ಗ್ಲೋಬಲ್ ಆಬ್ಜೆಕ್ಟಿನ ಕನ್‌ಸ್ಟ್ರಕ್ಟರ್ ಮೂಲಕ ತನ್ನನ್ನ ತಾನೇ ಪಟ್ಟಿಗೆ ಸೇರಿಸ್ಕೊಳ್ಳೋ ಹಾಗೆ ಬರೆದ್ರೆ, ಆ ಫೈಲಿನ ಯಾವ ಸಿಂಬಲ್ಲನ್ನೂ ಹೊರಗಿಂದ ಯಾರೂ ಕೇಳಲ್ಲ, ಲಿಂಕರ್ ಆ ಆಬ್ಜೆಕ್ಟನ್ನ ಎಳ್ಕೊಳ್ಳಲ್ಲ, ಎರರ್ ಏನೂ ಬರಲ್ಲ, ಪ್ರೋಗ್ರಾಮಲ್ಲಿ ಫಿಲ್ಟರ್ರೇ ಇರಲ್ಲ. ಹಾಗೆ ಮಾಡೋದಾದ್ರೆ ಆ ಲೈಬ್ರರಿನ ಸ್ಟ್ಯಾಟಿಕ್ ಬದಲು ಆಬ್ಜೆಕ್ಟ್ ಲೈಬ್ರರಿ ಮಾಡಿ ಎಕ್ಸಿಕ್ಯೂಟಬಲ್‌ಗೆ ನೇರವಾಗಿ ಲಿಂಕ್ ಮಾಡಿ, ಎಲ್ಲಾ ಆಬ್ಜೆಕ್ಟೂ ಒಳಗೆ ಬರುತ್ತೆ.


ಬಿಟ್_ಬೈಟ್:

ಖರೇ ಐತ್ರಿ, ಪಬ್ಲಿಕ್ ಕೋರ್ ಅಂತ ಬರದ್ರ ಅದ ಸ್ವಚ್ಛ ದಾರಿ. ಎರಡೂ ಪ್ಲ್ಯಾಟ್‌ಫಾರ್ಮ್ ಅಂದಮ್ಯಾಲ ನನ್ನ ಗ್ರೂಪ್ ಮಾತು ಬಿಡ್ರಿ.

ಒಂದು ಮಾತು ಸೇರಸ್ತೀನಿ. ಪಬ್ಲಿಕ್, ಪ್ರೈವೇಟ್ ಅನ್ನೋದು ಲೈಬ್ರರಿಗಷ್ಟ ಅಲ್ಲ, ಡೆಫಿನಿಷನ್‌ಗೂ ಅಷ್ಟ ಮುಖ್ಯ ಐತಿ. ಹೆಡರ್ ಒಳಗ ಒಂದು ಮ್ಯಾಕ್ರೋ ನೋಡಿ ಸ್ಟ್ರಕ್ಟ್‌ಗೆ ಒಂದು ಮೆಂಬರ್ ಸೇರಿಸೋ ಕೋಡ್ ಇದ್ರ, ಆ ಮ್ಯಾಕ್ರೋನ ಲೈಬ್ರರಿಗೆ ಪ್ರೈವೇಟ್ ಅಂತ ಕೊಟ್ರ ಲೈಬ್ರರಿ ಲೆಕ್ಕದಾಗ ಸ್ಟ್ರಕ್ಟ್ ಒಂದು ಅಳತಿ, ಅದನ್ನ ಬಳಸೋರ ಲೆಕ್ಕದಾಗ ಇನ್ನೊಂದು ಅಳತಿ. ಕಂಪೈಲ್ ಆಗತೈತಿ, ಲಿಂಕ್ ಆಗತೈತಿ, ಓಡೋ ಮುಂದ ಮೆಮೊರಿ ಕೆಡತೈತಿ. ಹೆಡರ್‌ನ್ಯಾಗ ಕಾಣೋ ಮ್ಯಾಕ್ರೋ ಯಾವಾಗಲೂ ಪಬ್ಲಿಕ್ ಇರಲಿ.


ಪಿಕ್ಸೆಲ್_ಪ್ರಿಯ:

ಬಿಟ್_ಬೈಟ್ ಸರ್, ಆ ಥರ ಒಂದು ಮ್ಯಾಕ್ರೋ ಕೋರ್ ಹೆಡರ್‌ನಲ್ಲಿ ಇದೆ, ಈಗ್ಲೇ ಪಬ್ಲಿಕ್ ಮಾಡಿದೆ, ಹೇಳಿದ್ದು ತುಂಬಾ ಒಳ್ಳೇದಾಯ್ತು. ಲಿಂಕೂ ಸರಿ ಆಯ್ತು.

ಕೊನೇದಾಗಿ ಒಂದು. ಮೆಮೊರಿ ತೊಂದರೆ ಬೇರೆಲ್ಲಾದ್ರೂ ಇದ್ಯಾ ನೋಡೋಣ ಅಂತ ಓಡೋವಾಗ ಮೆಮೊರಿ ತಪ್ಪು ಹಿಡಿಯೋ ಅಡ್ರೆಸ್ ಸ್ಯಾನಿಟೈಸರ್ (ಏಸ್ಯಾನ್) ಹಾಕೋಕೆ ಹೋದೆ. ಎಕ್ಸ್‌ಪೋರ್ಟ್ ಸಿಎಕ್ಸ್‌ಎಕ್ಸ್‌ಫ್ಲ್ಯಾಗ್ಸ್="-ಎಫ್‌ಸ್ಯಾನಿಟೈಸ್=ಅಡ್ರೆಸ್" ಅಂತ ಕೊಟ್ಟು ಸಿಮೇಕ್ ಓಡಿಸಿದ್ರೆ ವರ್ಬೋಸ್‌ನಲ್ಲಿ ಆ ಫ್ಲ್ಯಾಗೇ ಕಾಣಲ್ಲ. ಅದಕ್ಕೆ ಟಾರ್ಗೆಟ್_ಕಂಪೈಲ್_ಆಪ್ಷನ್ಸ್ ನಲ್ಲಿ ಹಾಕಿದೆ, ಈಗ ಫ್ಲ್ಯಾಗ್ ಕಾಣುತ್ತೆ, ಆದ್ರೆ ಅನ್‌ಡಿಫೈನ್ಡ್ ರೆಫರೆನ್ಸ್ ಟು __ಏಸ್ಯಾನ್_ಇನಿಟ್ ಅಂತ ಇನ್ನೂ ರಾಶಿ ಸಿಂಬಲ್ ಹೆಸರುಗಳು ಬರ್ತಿವೆ.


ಹಳೇ_ಮೇಕ್‌ಫೈಲ್:

ವರ್ಬೋಸ್ ತೆಗೆದು ನೋಡಿ ಬಂದಿದ್ದೀರಲ್ಲ, ಖುಷಿ ಆಯ್ತು.

ಎನ್ವಿರಾನ್‌ಮೆಂಟ್ ವೇರಿಯಬಲ್ ಕಾಣದೇ ಇರೋಕೆ ಎರಡು ಕಾರಣ ಇವೆ. ಸಿಮೇಕ್ ಸಿಎಕ್ಸ್‌ಎಕ್ಸ್‌ಫ್ಲ್ಯಾಗ್ಸ್ ಓದೋದು ಒಂದು ಬಿಲ್ಡ್ ಫೋಲ್ಡರ್‌ನಲ್ಲಿ ಮೊದಲನೇ ಸಲ ಕಾನ್ಫಿಗರ್ ಮಾಡೋವಾಗ ಮಾತ್ರ, ಆಮೇಲೆ ಅದು ಸಿಮೇಕ್‌ಕ್ಯಾಶ್ ಫೈಲಲ್ಲಿ ಕೂತುಬಿಡುತ್ತೆ, ನೀವು ಎಷ್ಟು ಸಲ ಎಕ್ಸ್‌ಪೋರ್ಟ್ ಮಾಡಿದ್ರೂ ಕ್ಯಾಶಲ್ಲಿ ಇದ್ದದ್ದೇ ನಡೆಯುತ್ತೆ. ಅದಕ್ಕೇ ಫ್ಲ್ಯಾಗ್ ಬದಲಾಯಿಸೋವಾಗ ಬೇರೆ ಬಿಲ್ಡ್ ಫೋಲ್ಡರ್ ಮಾಡೋದು ಒಳ್ಳೇದು, ಅಥವಾ 3.24 ರಿಂದ ಬಂದಿರೋ --ಫ್ರೆಶ್ ಕೊಡಿ, ಕ್ಯಾಶ್ ಬಿಟ್ಟು ಹೊಸದಾಗಿ ಶುರು ಮಾಡುತ್ತೆ, 20.04 ರ ಜೊತೆ ಬರೋ 3.16 ರಲ್ಲಿ ಅದಿಲ್ಲ, ಅಲ್ಲಿ ಫೋಲ್ಡರ್ ಅಳಿಸೋದೇ.

ಎರಡನೇ ಕಾರಣ ನಿಮ್ಮ ಮೊದಲ ಪೋಸ್ಟ್‌ನ ಸೆಟ್ ಸಾಲು. ಸಿಮೇಕ್_ಸಿಎಕ್ಸ್‌ಎಕ್ಸ್_ಫ್ಲ್ಯಾಗ್ಸ್ ಗೆ "-ಓ2 -ವಾಲ್" ಅಂತ ನೇರವಾಗಿ ಕೊಟ್ಟಿದ್ದೀರಲ್ಲ, ಹಳೇ ಬೆಲೆ ಸೇರಿಸದೇ ಹಾಗೆ ಬರೆದ್ರೆ ಹೊರಗಿಂದ ಯಾರು ಏನೇ ಕೊಟ್ರೂ ಅಳಿಸಿಹೋಗುತ್ತೆ, ಎನ್ವಿರಾನ್‌ಮೆಂಟಿಂದ ಬಂದಿರ್ಲಿ ಕಮಾಂಡ್ ಲೈನಲ್ಲಿ -ಡಿ ಮೂಲಕ ಬಂದಿರ್ಲಿ. ಆ ವೇರಿಯಬಲ್ಲು ಬಿಲ್ಡ್ ಮಾಡೋರಿಗೆ ಬಿಟ್ಟ ಜಾಗ, ಪ್ರಾಜೆಕ್ಟ್ ಫೈಲು ಅದನ್ನ ಮುಟ್ಟಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಆ ಸಾಲು ತೆಗೆದುಬಿಡಿ. -ಓ2 ಹೇಗೂ ರಿಲೀಸ್ ವೇರಿಯಬಲ್‌ಗೆ ಹೋಯ್ತು, -ವಾಲ್ ಅನ್ನ ಟಾರ್ಗೆಟ್_ಕಂಪೈಲ್_ಆಪ್ಷನ್ಸ್ ಗೆ ಪ್ರೈವೇಟ್ ಆಗಿ ಹಾಕಿ, ವಿಷುಯಲ್ ಸಿ++ ಗೆ ಅದು ಹೋಗದ ಹಾಗೆ ಇಫ್(ನಾಟ್ ಎಂಎಸ್‌ವಿಸಿ) ಒಳಗೆ. ಒಂದಕ್ಕಿಂತ ಹೆಚ್ಚು ಆಪ್ಷನ್ ಇದ್ರೆ ಬೇರೆ ಬೇರೆಯಾಗಿ ಬರೀರಿ, "-ವಾಲ್ -ಡಬ್ಲ್ಯುಎಕ್ಸ್‌ಟ್ರಾ" ಅಂತ ಒಂದೇ ಕೋಟ್ ಒಳಗೆ ಹಾಕಿದ್ರೆ ಮಧ್ಯದ ಸ್ಪೇಸ್ ಸಮೇತ ಒಂದೇ ಆಪ್ಷನ್ ಆಗಿ ಹೋಗಿ ಕಂಪೈಲರ್ ಗೊತ್ತಿಲ್ಲ ಅನ್ನುತ್ತೆ.

ಏಸ್ಯಾನ್ ಎರರ್‌ಗೆ ಕಾರಣ, ಸ್ಯಾನಿಟೈಸರ್ ಫ್ಲ್ಯಾಗು ಕಂಪೈಲ್‌ಗೂ ಬೇಕು ಲಿಂಕ್‌ಗೂ ಬೇಕು. ಕಂಪೈಲ್ ಹಂತದಲ್ಲಿ ಅದು ನಿಮ್ಮ ಕೋಡಿನ ಮಧ್ಯೆ ಚೆಕ್‌ಗಳನ್ನ ಸೇರಿಸುತ್ತೆ, ಆ ಚೆಕ್‌ಗಳು ಕರೆಯೋ ಫಂಕ್ಷನ್‌ಗಳು ಇರೋದು ಸ್ಯಾನಿಟೈಸರ್‌ನ ರನ್‌ಟೈಮ್ ಲೈಬ್ರರಿಯಲ್ಲಿ, ಅದನ್ನ ಲಿಂಕ್ ಹಂತದಲ್ಲಿ ಅದೇ ಫ್ಲ್ಯಾಗ್ ನೋಡಿ ಕಂಪೈಲರ್ ಸೇರಿಸುತ್ತೆ. ಟಾರ್ಗೆಟ್_ಕಂಪೈಲ್_ಆಪ್ಷನ್ಸ್ ಹೆಸರೇ ಹೇಳೋ ಹಾಗೆ ಕಂಪೈಲ್‌ಗೆ ಮಾತ್ರ. ಅದರ ಜೊತೆ ಟಾರ್ಗೆಟ್_ಲಿಂಕ್_ಆಪ್ಷನ್ಸ್ ನಲ್ಲೂ ಹಾಕ್ಬೇಕು, 3.13 ರಿಂದ ಇದೆ. ಆದ್ರೆ ನಿಮ್ಮ ಕೆಲಸಕ್ಕೆ ಅದೂ ಬೇಡ. ಸಿಮೇಕ್_ಸಿಎಕ್ಸ್‌ಎಕ್ಸ್_ಫ್ಲ್ಯಾಗ್ಸ್ ನಲ್ಲಿ ಇರೋದು ಕಂಪೈಲ್ ಸಾಲಿಗೂ ಬರುತ್ತೆ, ಲಿಂಕ್ ಸಾಲಿನ ಶುರುವಲ್ಲೂ ಬರುತ್ತೆ, ನಿಮ್ಮ ಲಿಂಕ್.ಟಿಎಕ್ಸ್‌ಟಿ ಯಲ್ಲೇ -ಓ2 -ವಾಲ್ ಕಾಣ್ತಿತ್ತಲ್ಲ. ಹಾಗಾಗಿ ಆ ಸೆಟ್ ಸಾಲು ತೆಗೆದ್ಮೇಲೆ ಹೊಸ ಫೋಲ್ಡರ್ ಮಾಡಿ:

ಸಿಮೇಕ್ -ಎಸ್ . -ಬಿ ಬಿಲ್ಡ್-ಏಸ್ಯಾನ್ -ಡಿಸಿಮೇಕ್_ಬಿಲ್ಡ್_ಟೈಪ್=ಡೀಬಗ್ -ಡಿಸಿಮೇಕ್_ಸಿಎಕ್ಸ್‌ಎಕ್ಸ್_ಫ್ಲ್ಯಾಗ್ಸ್="-ಎಫ್‌ಸ್ಯಾನಿಟೈಸ್=ಅಡ್ರೆಸ್ -ಎಫ್‌ನೋ-ಓಮಿಟ್-ಫ್ರೇಮ್-ಪಾಯಿಂಟರ್"

ಸಿಮೇಕ್‌ಲಿಸ್ಟ್ಸ್‌ನಲ್ಲಿ ಒಂದಕ್ಷರ ಮುಟ್ಟದೆ ಮೂರೂ ಲೈಬ್ರರಿಗೂ ಎಕ್ಸಿಕ್ಯೂಟಬಲ್‌ಗೂ ಸ್ಯಾನಿಟೈಸರ್ ಸೇರುತ್ತೆ. ಬಿಲ್ಡ್ ಟೈಪ್ ಕೊಡೋದನ್ನ ಮರೀಬೇಡಿ, ಮೇಕ್‌ಫೈಲ್ ಮತ್ತು ನಿಂಜಾಗೆ ಅದರ ಡೀಫಾಲ್ಟು ಖಾಲಿ, ಖಾಲಿ ಇದ್ರೆ -ಜಿ ಯೂ ಇಲ್ಲ -ಓ ಯೂ ಇಲ್ಲ, ಸ್ಯಾನಿಟೈಸರ್ ವರದಿಯಲ್ಲಿ ಸಾಲಿನ ನಂಬರ್ ಬರಲ್ಲ.


ಕಿಟಕಿ_ಕೋಡ್:

ವಿಂಡೋಸ್‌ಗೆ ಬಂದಾಗ ಇದೇ ಅಭ್ಯಾಸ ಇಟ್ಕೋಬೇಡಿ, ವಿಷುಯಲ್ ಸ್ಟುಡಿಯೋ ಜನರೇಟರ್‌ನಲ್ಲಿ ಬಿಲ್ಡ್ ಟೈಪ್ ವೇರಿಯಬಲ್‌ಗೆ ಬೆಲೆ ಇಲ್ಲ. ಒಂದೇ ಸಲ್ಯೂಷನ್ ಒಳಗೆ ಡೀಬಗ್ಗೂ ರಿಲೀಸೂ ಎರಡೂ ಇರ್ತವೆ, ಯಾವುದು ಅಂತ ಬಿಲ್ಡ್ ಮಾಡೋವಾಗ --ಕಾನ್ಫಿಗ್ ರಿಲೀಸ್ ಅಂತ ಹೇಳ್ಬೇಕು, ಹೇಳದಿದ್ರೆ ಡೀಬಗ್ ಬಿಲ್ಡ್ ಆಗುತ್ತೆ. ಡೀಬಗ್ ಲೈಬ್ರರಿ ಇನ್ನೂ ನಿಮ್ಮ ಕೈಗೆ ಬಂದಿಲ್ಲ ಅಂದ್ರಲ್ಲ, ಬರೋ ತನಕ ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ --ಕಾನ್ಫಿಗ್ ರಿಲೀಸ್ ಬರೆದಿಡಿ, ಇಲ್ಲಾಂದ್ರೆ ಎಲ್‌ಎನ್‌ಕೆ2038 ವಾಪಸ್ ಬಂತು ಅಂತ ಮತ್ತೆ ಗಾಬರಿ ಆಗ್ತೀರಿ.


ಪಿಕ್ಸೆಲ್_ಪ್ರಿಯ:

ಸ್ಕ್ರಿಪ್ಟ್‌ನಲ್ಲಿ --ಕಾನ್ಫಿಗ್ ಇರ್ಲಿಲ್ಲ, ಈಗ ಸೇರಿಸಿದೆ. ಏಸ್ಯಾನ್ ಬಿಲ್ಡೂ ಎದ್ದು ಓಡ್ತು, ಐಓ ಲೈಬ್ರರಿಯಲ್ಲಿ ಹೀಪ್ ಬಫರ್ ಓವರ್‌ಫ್ಲೋ ಒಂದನ್ನ ಸಾಲಿನ ನಂಬರ್ ಸಮೇತ ತೋರಿಸಿದೆ, ಇಮೇಜ್‌ನ ಕೊನೇ ರೋ ಓದೋ ಲೂಪಲ್ಲಿ. ಅದನ್ನ ಸರಿ ಮಾಡೋಕೆ ಕೂತಿದೀನಿ.